ದೋಣಿ ಮಲಗಿಸುವ ಮನೆ

ನನಗೆ ಸೊಕ್ಕು ಜಾಸ್ತಿ ಎಂದು ಹೇಳುವವರು ಬಹಳ ಜನ. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು ಹೇಳಿದರು. ಆಮೇಲೆ ನಾನು ಪಾಠ ಮಾಡಿದ ಶಾಲೆಗಳಲ್ಲಿ ಹೇಳಿದರು, ಎದುರಿಗೆ ಹೇಳುವ ಧೈರ್ಯವಿಲ್ಲದವರು ಹಿಂದಿನಿಂದ ಹೇಳಿದರು. ಈಗ ಮೊಮ್ಮಗಳು ಮುದ್ದಾಗಿ ಹೇಳುತ್ತಾಳೆ. ನಾನು ಇಲ್ಲವೆನ್ನುವುದಿಲ್ಲ. ಹೊಳೆದಂಡೆಯ ಆ ಮನೆಯಲ್ಲಿ ಹುಟ್ಟಿ, ಆ ಹೆಂಗಸರು ಕಟ್ಟಿದ ಮುದ್ದೆ ತಿಂದು ಬೆಳೆದವಳಿಗೆ ಸೊಕ್ಕು ಬರದಿದ್ದರೆ ಅದೇ ಆಶ್ಚರ್ಯ. ಹುಟ್ಟಿದ ವರ್ಷ, ವಂಶಾವಳಿ ಎಲ್ಲ ಯಾರಿಗೆ ಬೇಕು? ಒಂದು ಮಳೆಗಾಲದ ಸಂಗತಿ ಹೇಳಿದರೆ ಸಾಕು, ನಾನು ಎಂಥ ಮನೆಯವಳು ಎನ್ನುವುದು ತಿಳಿಯುತ್ತದೆ.

ಶಿರಂಗಾಲದ ಹತ್ತಿರ ಕಾವೇರಿ ಬಳಸಿಕೊಂಡು ಹೋಗುವ ಒಂದು ಜಾಗದಲ್ಲಿ ನಮ್ಮ ಮನೆ. ಊರಿನವರ ಮನೆಗಳೆಲ್ಲ ರಸ್ತೆಗೆ ಮುಖಮಾಡಿದ್ದರೆ ನಮ್ಮದು ರಸ್ತೆಗೆ ಬೆನ್ನು ಹಾಕಿ ಹೊಳೆಯ ಕಡೆ ನೋಡುತ್ತಿತ್ತು. ಮುಂದೆ ಉದ್ದನೆಯ ಜಗುಲಿ, ಒಳಗೆ ಹಜಾರ, ಹಜಾರದ ಪಕ್ಕದಲ್ಲೇ ಅಡುಗೆಮನೆ. ಅಡುಗೆಮನೆಯ ಕಿಟಕಿಯಿಂದ ಹೊಳೆ ಕಾಣಲೇಬೇಕು ಎಂದು ಅಜ್ಜಿ ಹಟ ಮಾಡಿ ಹಾಗೆ ಕಟ್ಟಿಸಿದ್ದಳಂತೆ. ಆಚೆ ದಡ ಬೇರೆ ಜಿಲ್ಲೆ. ಆಗ ಅಲ್ಲಿ ಸೇತುವೆ ಇರಲಿಲ್ಲ. ಸಂತೆಗೆ, ಶಾಲೆಗೆ, ನೆಂಟರ ಮನೆಗೆ, ಎಲ್ಲದಕ್ಕೂ ನಮ್ಮ ದೋಣಿಯೇ ಗತಿ. ಯಾರಾದರೂ ಆಚೆ ದಡದಲ್ಲಿ ನಿಂತು ಕೂಗಿದರೆ ಅಜ್ಜಿ ಒಲೆಯ ಮುಂದಿನಿಂದಲೇ, ದನಿಯ ಗುರುತು ಹಿಡಿದು, ಬೇಗ ಹೋಗಬೇಕೋ ನಿಧಾನಕ್ಕೆ ಹೋದರೆ ನಡೆಯುತ್ತದೋ ಎಂದು ಅಪ್ಪನಿಗೆ ಅಪ್ಪಣೆ ಕೊಡುತ್ತಿದ್ದಳು. ಬಸುರಿ ಹೆಂಗಸರಿಗೆ ಮೊದಲ ಮರ್ಯಾದೆ, ಸಾಲ ಕೇಳಲು ಬರುವ ನೆಂಟರಿಗೆ ಕೊನೆಯದು.

ನಮ್ಮಲ್ಲಿ ಎರಡು ಹರಿಗೋಲು ಮತ್ತು ಒಂದು ದೊಡ್ಡ ದೋಣಿ ಇದ್ದವು. ಬಿದಿರ ದಬ್ಬೆಯ ದೊಡ್ಡ ಬುಟ್ಟಿ ಹೆಣೆದು, ಗೋಣಿತಟ್ಟು ಹೊದಿಸಿ, ಮೇಲೆ ಡಾಂಬರು ಬಳಿದರೆ ಹರಿಗೋಲಾಯಿತು. ಆರಿದ್ರ ಮಳೆ ಹಿಡಿಯುತ್ತಿದ್ದಂತೆ ಅಪ್ಪ ಒಂದೊಂದನ್ನೇ ತಲೆಯ ಮೇಲೆ ಕವುಚಿಕೊಂಡು ದಿಬ್ಬ ಹತ್ತಿ ಬರುತ್ತಿದ್ದ. ದೂರದಿಂದ ನೋಡಿದರೆ ಕಾಲು ಬಂದ ಅಣಬೆ ನಡೆದುಬಂದ ಹಾಗೆ. ಅವೆರಡೂ ಹಜಾರದಲ್ಲಿ ಮಗುಚಿಕೊಂಡು ಕೂತರೆ ಇನ್ನು ಮೂರು ತಿಂಗಳು ನಮಗೆ ಓಡಾಡಲು ಗೋಡೆಯಂಚಿನ ದಾರಿಯೇ. ಹರಿಗೋಲಿನ ಮೇಲೆ ಒದ್ದೆ ಬಟ್ಟೆ, ಅಡಿಯಲ್ಲಿ ನಾವು ಮಕ್ಕಳು, ನಮ್ಮ ಜೊತೆಗೆ ಕಾವು ಕೂತ ಕೋಳಿ. ಆ ದಿನಗಳಲ್ಲಿ ನಮ್ಮ ಮನೆಯ ಮಜ್ಜಿಗೆಗೂ ಡಾಂಬರಿನ ವಾಸನೆ ಇರುತ್ತಿತ್ತು. ಬಂದ ನೆಂಟರು ಮೂಗು ಮುರಿದರೆ ಅಜ್ಜಿಯ ಉತ್ತರ ಸಿದ್ಧವಾಗಿತ್ತು:

"ಕುಡೀರಿ ಕುಡೀರಿ. ಕೆಮ್ಮು ಹತ್ರಕ್ಕೆ ಸುಳಿಯಾಕಿಲ್ಲ."

ಹರಿಗೋಲು ಮನೆಯೊಳಗೆ ಬಂತು ಸರಿ, ದೊಡ್ಡ ದೋಣಿಯನ್ನು ಏನು ಮಾಡುವುದು? ಹೆಬ್ಬಲಸಿನ ಹಲಗೆಯ ದೋಣಿ ಅದು. ಆ ಕಡಿದಾದ ದಡ ಹತ್ತಿಸಲು ಊರೆಲ್ಲ ಬಂದರೂ ಆಗದು. ನೀರಿನ ಮೇಲೆ ಕಟ್ಟಿಹಾಕಿದರೆ ಪ್ರವಾಹದಲ್ಲಿ ತೇಲಿಬರುವ ಮರದ ದಿಮ್ಮಿಗಳು ಗುದ್ದಿ ಪುಡಿಮಾಡುತ್ತವೆ. ಹಗ್ಗ ಹರಿದರಂತೂ ದೋಣಿಯನ್ನು ಮತ್ತೆ ನೋಡುವ ಆಸೆಯೇ ಬೇಡ. "ಆಶ್ಲೇಷ ಮಳೆ ಈಸಲಾರದ ಹೊಳೆ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ದೊಡ್ಡ ಮಳೆಗೆ ಮುಂಚೆ ದೋಣಿಯನ್ನು ನಾವೇ ಮುಳುಗಿಸುತ್ತಿದ್ದೆವು. ಮನೆಯ ಕೆಳಗೆ ಹೊಳೆಮತ್ತಿ ಮರಗಳ ಹಿಂದೆ ಒಂದು ಮಡು ಇತ್ತು, ಸೆಳೆತ ತಾಗದ ಮೂಲೆ. ಅಲ್ಲಿಗೆ ದೋಣಿ ತಂದು, ಮರದ ಬೇರಿಗೆ ಸರಪಳಿ ಹಾಕಿ, ಒಳಗೆ ಕಲ್ಲು ಹೇರಿ, ನೀರು ತುಂಬಿ ತಳಕ್ಕೆ ಕೂರಿಸಿಬಿಟ್ಟರೆ ಮುಗಿಯಿತು. ಮೇಲೆ ಏನೇ ಕೊಚ್ಚಿಕೊಂಡು ಹೋದರೂ ಕೆಳಗೆ ಅದು ತಣ್ಣಗೆ ಇರುತ್ತದೆ. ಮಳೆಗಾಲ ಕಳೆದು ನೀರಿಳಿದ ಮೇಲೆ ಕಲ್ಲು ತೆಗೆದರೆ ಹೊಸದರಂತೆ ಎದ್ದು ಬರುತ್ತದೆ. ಆದರೆ "ಮುಳುಗಿಸು" ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುವಂತಿಲ್ಲ. ದೋಣಿ ಮಲಗಿಸುವುದು ಎಂದೇ ಹೇಳಬೇಕು. ಆ ದಿನ ದೋಣಿಗೆ ಹೊನ್ನೆ ಎಣ್ಣೆ ಸವರಿ, ಅರಿಸಿನ ಹಚ್ಚಿ, ಮೊಸರನ್ನದ ಎಡೆ ಇಟ್ಟು, ಎಲ್ಲರೂ ಮಡುವಿನ ದಡದಲ್ಲೇ ಊಟ ಮಾಡುತ್ತಿದ್ದೆವು.

ಈಗ ಕಲ್ಲಿನ ವಿಷಯ. ನಮ್ಮ ದಡ ಪೂರ್ತಿ ಮೆಕ್ಕಲು ಮಣ್ಣು. ಕಾಗೆ ಓಡಿಸಬೇಕೆಂದರೂ ಒಂದು ಕಲ್ಲು ಸಿಗದ ಜಾಗ. ದೋಣಿಗೆ ಬೇಕಾದ ಕಲ್ಲುಗಳನ್ನು ದೂರದ ಗುಡ್ಡದಿಂದ ಗಾಡಿಯಲ್ಲಿ ತರಬೇಕು. ಹಾಗಾಗಿ ಒಂದೊಂದು ಕಲ್ಲಿಗೂ ಬೆಲೆ ಬಂತು, ಬೆಲೆ ಬಂದ ಮೇಲೆ ಒಡೆಯರೂ ಹುಟ್ಟಿಕೊಂಡರು. ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ಕಲ್ಲು. ಸೊಸೆ ಬಂದರೆ ಅವಳಿಗೊಂದು. ದೋಣಿ ಮಲಗಿಸುವ ದಿನ ಅವರವರ ಕಲ್ಲನ್ನು ಅವರವರೇ ಕೈಯಾರೆ ದೋಣಿಯಲ್ಲಿ ಇಡಬೇಕು. ಬೇಸಿಗೆಯಲ್ಲಿ ಆ ಕಲ್ಲುಗಳು ಜಗುಲಿಯ ಗೋಡೆಗೆ ಸಾಲಾಗಿ ಕೂತಿರುತ್ತಿದ್ದವು. ನಾವು ಬೆಳಗಿನ ಕಾಫಿಯನ್ನು ಅವರವರ ಕಲ್ಲಿನ ಮೇಲೆ ಕೂತು ಕುಡಿಯುತ್ತಿದ್ದೆವು. ಸತ್ತವರ, ದೂರ ಹೋದವರ ಕಲ್ಲುಗಳನ್ನೂ ತೆಗೆಯುತ್ತಿರಲಿಲ್ಲ. ಅಜ್ಜನದು ಇತ್ತು, ಪಾಲಾಗಿ ಬೇರೆ ಊರಿಗೆ ಹೋದ ಅಜ್ಜನ ತಮ್ಮಂದಿರದು ಇತ್ತು, ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಚಿಕ್ಕಪ್ಪನದು ಇತ್ತು. ಅವರ ಪರವಾಗಿ ಅಪ್ಪ ಒಬ್ಬೊಬ್ಬರ ಹೆಸರು ಹೇಳಿ ಇಡುತ್ತಿದ್ದ.

ಇರದೆ ಹೋಗುತ್ತಿದ್ದುದು ಮದುವೆಯಾದ ಹೆಣ್ಣುಮಕ್ಕಳ ಕಲ್ಲು ಮಾತ್ರ. ಮದುವೆಯ ಮಾರನೆಯ ದಿನ ಹೆಣ್ಣು ದೋಣಿಯಲ್ಲಿ ಕೂತು, ನಡುಹೊಳೆಯಲ್ಲಿ ತನ್ನ ಕಲ್ಲನ್ನು ತಾನೇ ನೀರಿಗೆ ಬಿಡಬೇಕು. ಬಿಟ್ಟ ಮೇಲೆ ಮನೆಯ ಕಡೆ ತಿರುಗಿ ನೋಡಬಾರದು. ಅಪ್ಪನ ತಂಗಿ ಗೌರತ್ತೆ ಹಾಗೆ ಕಲ್ಲು ಬಿಟ್ಟು ಗಾಳಿಬೀಡಿನ ಒಂದು ಮನೆಗೆ ಹೋದವಳು. ಹೋದಷ್ಟೇ ನೇರವಾಗಿ ತಿರುಗಿ ಬಂದಳು. ಗಂಡ ಕೈ ಮಾಡಿದ. ಮೊದಲ ಸಲ ಸುಮ್ಮನಿದ್ದಳು. ಎರಡನೆಯ ಸಲಕ್ಕೆ ಟ್ರಂಕು ಎತ್ತಿಕೊಂಡು ಮಡಿಕೇರಿ ಬಸ್ಸು ಹತ್ತಿದಳು. ಬಂದವಳು ಅಳಲಿಲ್ಲ, ಕತೆ ಹೇಳಲಿಲ್ಲ. ಮುಖ ತೊಳೆದು, ಸೆರಗು ಸಿಕ್ಕಿಸಿ, ಅಪ್ಪನ ಕೈಯಿಂದ ದೋಣಿ ನೂಕುವ ಜಲ್ಲೆ ಕಸಿದುಕೊಂಡು ಆಚೆ ದಡದಲ್ಲಿ ಕೂಗುತ್ತಿದ್ದವರನ್ನು ಕರೆತಂದಳು. ದೋಣಿಯ ಬಾಲದಲ್ಲಿ ನಿಂತು ಜಲ್ಲೆ ಊರುವ ಗೌರತ್ತೆಯನ್ನು ನೋಡುವುದೇ ನಮಗೆ ಒಂದು ಹಬ್ಬ. ಅಂಥ ಅತ್ತೆ ಇರುವುದಕ್ಕೆ ನಾನು ಶಾಲೆಯಲ್ಲಿ ಎಷ್ಟು ಮೆರೆದಿದ್ದೇನೆಂದರೆ, ಲೆಕ್ಕದಲ್ಲಿ ಸೊನ್ನೆ ಬಂದ ದಿನವೂ ನನ್ನ ಮೂಗು ಕೆಳಗಿಳಿಯುತ್ತಿರಲಿಲ್ಲ. ಆದರೆ ಬೆಳಗಿನ ಕಾಫಿಗೆ ನಾವೆಲ್ಲ ನಮ್ಮ ನಮ್ಮ ಕಲ್ಲಿನ ಮೇಲೆ ಕೂತಾಗ ಅವಳು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂರುತ್ತಿದ್ದಳು.

ಆ ವರ್ಷ ಅವಳು ಕೇಳಿಯೇಬಿಟ್ಟಳು. ಬೇಸಿಗೆಯ ಒಂದು ರಾತ್ರಿ, ಊಟಕ್ಕೆ ಹುರುಳಿಕಾಳಿನ ಸಾರು, ಮುದ್ದೆ. ಅಜ್ಜಿ ಬಡಿಸುತ್ತಿದ್ದಳು.

"ಅವ್ವ, ಈ ಸಲ ದೋಣಿ ಮಲಗಿಸುವಾಗ ನಂಗೂ ಒಂದು ಕಲ್ಲು ಬೇಕು."

"ನಿನ್ನ ಕಲ್ಲು ಹೊಳೇಲೈತೆ. ನೀನೇ ಕೈಯಾರೆ ಬಿಟ್ಟಿದ್ದು."

"ಇನ್ನೊಂದು ತರ್ಸು."

"ಒಂದು ಜಲ್ಮಕ್ಕೆ ಒಂದೇ ಕಲ್ಲು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ಆ ಮಾತು ನಾನು ಹುಟ್ಟಿಸಿದ್ದಲ್ಲ."

"ಅಪ್ಪಯ್ಯ ಸತ್ತೋಗಿ ಎಷ್ಟು ವರ್ಸ ಆಯ್ತು, ಅವನ ಕಲ್ಲೈತೆ. ಹೆಸರಿಡೋಕೆ ಮುಂಚೆ ಹೋದ ಕೂಸಿಂದೂ ಐತೆ. ಸತ್ತೋರಿಗೆಲ್ಲ ಕಲ್ಲೈತೆ ಈ ಮನೇಲಿ. ನಾನು ಬದುಕಿ ಬಂದೆನಲ್ಲ, ಅದೇ ತಪ್ಪಾಯ್ತಾ?"

ಅಪ್ಪ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡಾನ ಬಿಡು, ಇನ್ನೂ ಟೈಮೈತೆ" ಎಂದ. ಅಜ್ಜಿ ಗೌರತ್ತೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿ ಎದ್ದು ಹೋದಳು. ಮುದ್ದೆಗೆ ಬರವಿಲ್ಲ, ಕಲ್ಲು ಮಾತ್ರ ಇಲ್ಲ. ನನಗೆ ಅಜ್ಜಿಯ ಮೇಲೆ ಸಿಟ್ಟು ಉಕ್ಕಿತು. ಪಾತ್ರೆ ತೊಳೆಯುವಾಗ ಅಮ್ಮನನ್ನು ಕೇಳಿದೆ.

"ಅಜ್ಜಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ ಕಣೆ," ಎಂದಳು ಅಮ್ಮ. "ಕಲ್ಲು ಕೊಟ್ರೆ ಇವಳು ಇನ್ನು ಗಂಡನ ಮನೆಗೆ ಹೋಗಾಕಿಲ್ಲ ಅಂತ ಅವರೇ ಒಪ್ಕಂಡಂಗೆ. ಇವತ್ತಲ್ಲ ನಾಳೆ ಅಳಿಯ ಬಂದು ಕರ್ಕಂಡು ಹೋಗ್ತಾನೆ ಅಂತ ಅವರ ಆಸೆ."

ಅದೇ ಬೇಸಿಗೆಯಲ್ಲಿ ಅಪ್ಪ ಇನ್ನೊಂದು ಕೆಲಸ ಮಾಡಿದ್ದ. ಜನ ಜಾಸ್ತಿಯಾದರು, ಸಂತೆಯ ದಿನ ನೀರು ಅಂಚಿನವರೆಗೆ ಬರುತ್ತದೆ ಎಂದು ದೋಣಿಗೆ ಸುತ್ತಲೂ ಹೊಸ ಹಲಗೆಯ ಒಂದು ಸಾಲು ಏರಿಸಿದ. ಸಂದುಗಳಿಗೆ ಹತ್ತಿ ತುರುಕಿ ರಾಳ ಕುದಿಸಿ ಹೊಯ್ದ. ಹೆಬ್ಬಾತುಕೋಳಿಯಂತೆ ತೇಲುತ್ತದೆ ನೋಡಿ ಎಂದು ದಾರಿಹೋಕರನ್ನೆಲ್ಲ ನಿಲ್ಲಿಸಿ ತೋರಿಸಿದ. ನಿಜಕ್ಕೂ ತೇಲುತ್ತಿತ್ತು. ಇಷ್ಟು ಚೆನ್ನಾಗಿ ತೇಲುವುದನ್ನು ಮಲಗಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ವರ್ಷಾ ವರ್ಷ ದೋಣಿ ಮುಳುಗಿಸುವ ಮನೆಯವರಲ್ಲದೆ ಇಂಥ ತಪ್ಪು ಬೇರೆ ಯಾರು ಮಾಡಿಯಾರು!

ಆ ಸಲ ಆರಿದ್ರ ಮಳೆ ಆರದೆ ಹುಯ್ಯಿತು. ಪುನರ್ವಸುವಿನಲ್ಲಿ ಮಲಗಿಸಿದರಾಯಿತು ಎಂದುಕೊಂಡಿದ್ದವರಿಗೆ ಹೊಳೆ ಅಷ್ಟು ಬಿಡುವು ಕೊಡಲಿಲ್ಲ. ಒಂದು ಬೆಳಗ್ಗೆ ಮೀನಿನ ಹಂಸಾಕ ಬಂದ. ದಿನಾ ಸೈಕಲ್ಲಿನ ಸಮೇತ ನಮ್ಮ ದೋಣಿಯಲ್ಲಿ ದಾಟಿ ಆಚೆ ಹಳ್ಳಿಗಳಲ್ಲಿ ಮೀನು ಮಾರುತ್ತಿದ್ದ ಮಲಯಾಳಿ ಅವನು. ಅಂದು ದಾಟಲು ಬಂದಿರಲಿಲ್ಲ, ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ಮೇಲೆ ಮಡಿಕೇರಿ ಕಡೆ ಎಂತ ಮಳೆ ಗೊತ್ತುಂಟಾ! ಗಾಳಿಗೆ ಮರ ಬಿದ್ದು ರೋಡೆಲ್ಲ ಬ್ಲಾಕು. ಹಾರಂಗಿ ಡ್ಯಾಮಿನ ಗೇಟು ತೆಗೀತಾರಂತೆ, ಜೀಪಲ್ಲಿ ಹೇಳ್ತಾ ಹೋಗ್ತಿದ್ದಾರೆ. ನಿಮ್ಮ ತೋಣಿ ಬೇಗ ಎಂತಾದ್ರೂ ಮಾಡಿ!"

ಎಣ್ಣೆ ಸವರುವುದಕ್ಕೆ ಹೊತ್ತಿರಲಿಲ್ಲ. ಅಮ್ಮ ಒಂದು ಬಟ್ಟಲಲ್ಲಿ ಅರಿಸಿನ, ಒಂದು ಎಲೆಯಲ್ಲಿ ರಾತ್ರಿಯ ಅನ್ನಕ್ಕೆ ಮೊಸರು ಕಲಸಿಕೊಂಡು ಓಡಿದಳು. ಗಾಳಿ ಹೊಳೆಮತ್ತಿಯ ಕೊಂಬೆಗಳನ್ನು ಬಗ್ಗಿಸುತ್ತಿತ್ತು. ಹೊಳೆಯ ಬಣ್ಣ ಆಗಲೇ ಕೆಂಪಾಗಿತ್ತು. ಗೌರತ್ತೆ ದೋಣಿಯನ್ನು ಮಡುವಿಗೆ ತಂದು ನಿಲ್ಲಿಸಿದಳು. ಅಪ್ಪ ಸರಪಳಿ ಹಾಕಿದ. ಆಮೇಲೆ ಶುರುವಾಯಿತು ನೋಡಿ, ಜಗುಲಿಯಿಂದ ಮಡುವಿಗೆ ಕಲ್ಲಿನ ಮೆರವಣಿಗೆ. ಎಲ್ಲರಿಗಿಂತ ಮುಂಚೆ ಅಜ್ಜಿ ತನ್ನದನ್ನು ಇಟ್ಟಳು. ಅಮ್ಮ ಇಟ್ಟಳು. ಅಪ್ಪ ತನ್ನದನ್ನಿಟ್ಟು, ಇಲ್ಲದವರ ಹೆಸರುಗಳನ್ನು ಏದುಸಿರಿನಲ್ಲಿ ಕೂಗುತ್ತ ಒಂದೊಂದಾಗಿ ಇಟ್ಟ. ಅಲ್ಲಿಯವರೆಗೆ ನನ್ನ ಕಲ್ಲಿಗೆ ಯಾರಾದರೂ ಕೈ ಕೊಡಬೇಕಿತ್ತು. ಆ ದಿನ ನಾನು ಒಬ್ಬಳೇ ಎತ್ತಿ, ಜಾರುವ ದಿಬ್ಬ ಇಳಿದು, ಸೊಂಟದ ನೀರಿನಲ್ಲಿ ನಿಂತು ಇಟ್ಟೆ. ಖುಷಿಗೆ ಅಳು ಬರುವಂತಾಗಿತ್ತು. ಕೊನೆಯ ಕಲ್ಲು ಬಿದ್ದ ಮೇಲೆ ಅಪ್ಪ, ಗೌರತ್ತೆ ಇಬ್ಬರೂ ದೋಣಿಯನ್ನು ಒಂದು ಕಡೆಗೆ ವಾಲಿಸಿ ನೀರು ತುಂಬಿಸಿದರು.

ದೋಣಿ ಮುಳುಗಲಿಲ್ಲ. ಅಂಚಿನವರೆಗೂ ನೀರು ತುಂಬಿಕೊಂಡು, ಹೊಸ ಹಲಗೆಯ ಸಾಲನ್ನು ಮಾತ್ರ ಮೇಲೆ ತೋರಿಸುತ್ತ, ಸ್ನಾನ ಮಾಡಲು ಕೂತ ಎಮ್ಮೆಯಂತೆ ಅಲ್ಲೇ ನಿಂತಿತು. ಅಪ್ಪ ಅಂಚು ಹಿಡಿದು ಒತ್ತಿದ. ಒಂದಿಷ್ಟು ಇಳಿದು, ಕೈ ಬಿಟ್ಟ ಕೂಡಲೇ ಮೇಲೆ ಬಂತು. ಮತ್ತೆ ಒತ್ತಿದ, ಮತ್ತೆ ಬಂತು. ಇನ್ನೊಂದು ಕಲ್ಲು ಬೇಕಿತ್ತು. ಜಗುಲಿ ಖಾಲಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆಗಲೇ ಆಳುದ್ದ ನೀರು. ಹೊಳೆಯ ಸೆಳೆತ ಮರಗಳ ನಡುವಿನಿಂದ ಮಡುವಿಗೂ ಕೈ ಚಾಚತೊಡಗಿತ್ತು. ಅಷ್ಟರಲ್ಲಿ ಒಂದು ದಪ್ಪ ದಿಮ್ಮಿ ಬಂದು ಹೊಳೆಮತ್ತಿಯ ಬುಡಕ್ಕೆ ಗುದ್ದಿ, ತಿರುಗಿ ನಡುಹೊಳೆಗೆ ಹೋಯಿತು. ಇನ್ನೊಂದು ಒಳಗೇ ಬಂದರೆ ದೋಣಿಯ ಕತೆ ಮುಗಿದ ಹಾಗೆ. ಅಪ್ಪನ ಮುಖ ಸುಣ್ಣದ ಹಾಗಾಯಿತು.

ಗೌರತ್ತೆ ದೋಣಿಯೊಳಕ್ಕೆ ಹತ್ತಿ ನಡುವೆ ನಿಂತಳು. ಅವಳ ಭಾರಕ್ಕೆ ದೋಣಿ ಒಂದು ನಿಟ್ಟುಸಿರು ಬಿಟ್ಟು ಇಳಿಯಿತು. ಹೊಸ ಹಲಗೆ ಕಣ್ಮರೆಯಾಯಿತು. ನೀರು ಅವಳ ಎದೆಗೆ ಬಂತು, ಕುತ್ತಿಗೆಗೆ ಬಂತು. ಗದ್ದದ ಹತ್ತಿರ ಬಂದು ನಿಂತಿತು. ದೋಣಿ ತಳ ಮುಟ್ಟಿತ್ತು.

"ಮಲಗ್ತು!" ಎಂದ ಅಪ್ಪ. "ಇನ್ನು ಬಾ ಈಚೆಗೆ."

"ನಾನು ಬಂದ್ರೆ ಇದೂ ಬತ್ತದೆ. ಕಾಲಡಿ ಮಿಸುಕ್ತಾ ಐತೆ."

"ಹಾಳಾಗೋಗ್ಲಿ ದೋಣಿ! ನೀರು ಏರ್ತಾ ಐತೆ ಗೌರಿ, ಬಾ!"

"ಕಲ್ಲು ತನ್ನಿ, ಬತ್ತೀನಿ."

ಅವಳು ಅಪ್ಪನಿಗೆ ಹೇಳಿದರೂ ನೋಡುತ್ತಿದ್ದುದು ದಡದ ಮೇಲಿದ್ದ ಅಜ್ಜಿಯನ್ನು. ಕೆಂಪು ನೀರಿನ ಮೇಲೆ ಅವಳ ತಲೆಯೊಂದೇ ಕಾಣುತ್ತಿತ್ತು. ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿಕೆ ಇತ್ತು, ಆದರೂ ಅವಳು ನಿಂತಿದ್ದಳು. ಅಪ್ಪ ಹೊಸ್ತಿಲ ಮೆಟ್ಟಿಲುಕಲ್ಲು ಕಿತ್ತು ತರುತ್ತೇನೆಂದು ಹಾರೆಗೆ ಓಡಿದ. ಅಮ್ಮ ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಬಿಟ್ಟರೆ ನಾನೂ ನೀರಿಗಿಳಿದು ಅತ್ತೆಯ ಪಕ್ಕ ನಿಲ್ಲುತ್ತೇನೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಎಲ್ಲಿ ಎಂದು ತಿರುಗಿದರೆ ಅಜ್ಜಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಂದಳು. ಮಳೆಯಲ್ಲಿ ತೊಯ್ದ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಮಗುವನ್ನು ಕೂರಿಸಿಕೊಂಡ ಹಾಗೆ ಸೊಂಟದ ಮೇಲೆ ಏನನ್ನೋ ಹೊತ್ತು, ಆ ಜಾರುವ ದಿಬ್ಬವನ್ನು ಒಂದೊಂದೇ ಹೆಜ್ಜೆ ಊರಿ ಇಳಿದಳು. ಒರಳಿನ ರುಬ್ಬುಗುಂಡು. ಅಜ್ಜಿ ಮದುವೆಯಾಗಿ ಬರುವಾಗ ಗಾಡಿಯಲ್ಲಿ ಜಾಗವಿಲ್ಲವೆಂದು ಪೆಟ್ಟಿಗೆಯೊಂದನ್ನು ಬಿಟ್ಟು ತಂದ ತವರಿನ ಕಲ್ಲು ಅದು. ಅಮ್ಮನಿಗೂ ಅದನ್ನು ಮುಟ್ಟಲು ಅಜ್ಜಿಯ ಅಪ್ಪಣೆ ಬೇಕಿತ್ತು. ಹಾರೆ ಹಿಡಿದು ಓಡಿಬಂದ ಅಪ್ಪ ಕೈ ಚಾಚಿದ.

"ಕೊಡವ್ವ, ನಾನಿಡ್ತೀನಿ."

"ನಿಂದು ಇಟ್ಟಾಯ್ತಲ್ಲ. ದೂರ ಸರಿ."

ಅಜ್ಜಿ ನೀರಿಗಿಳಿದಳು. ಎದೆಮಟ್ಟ ನೀರಿನವರೆಗೆ ಹೋಗಿ ಗುಂಡನ್ನು ಮಗಳ ಕೈಗೆ ದಾಟಿಸಿದಳು. ಗಾಳಿಯ ಸದ್ದಿನಲ್ಲೂ ಅವಳ ಮಾತು ನಮಗೆಲ್ಲ ಕೇಳಿಸಿತು.

"ತಗಾ. ಇದು ನಿಂದು. ನಿನ್ನ ಕೈಯಾರೆ ಇಡು."

ಗೌರತ್ತೆ ಗುಂಡನ್ನು ಎದೆಗವಚಿಕೊಂಡು ನೀರೊಳಗೆ ಮುಳುಗಿದಳು. ತಲೆಯೂ ಕಾಣಲಿಲ್ಲ. ಎಷ್ಟು ಹೊತ್ತೋ, ನನಗೆ ಬಹಳ ಹೊತ್ತಾದ ಹಾಗೆ ಅನ್ನಿಸಿತು. ಆಮೇಲೆ ಮಡುವಿನ ಅಂಚಿನಲ್ಲಿ ಎದ್ದು, ಕೆಮ್ಮುತ್ತ, ಕೂದಲು ಹಿಂಡಿಕೊಂಡು ನಡೆದು ಬಂದಳು. ಹಿಂದೆ ದೋಣಿ ಏಳಲಿಲ್ಲ. ಅಮ್ಮ ಎಲೆಯಲ್ಲಿದ್ದ ಮೊಸರನ್ನವನ್ನು ನೀರಿಗೆ ಬಿಟ್ಟಳು. ಅಜ್ಜಿ ತನ್ನ ಒದ್ದೆ ಸೆರಗಿನಿಂದಲೇ ಮಗಳ ತಲೆ ಒರೆಸುತ್ತ, ಶೀತವಾಗುತ್ತದೆ ನಡಿ ನಡಿ ಎಂದು ಬೈಯುತ್ತ ದಿಬ್ಬ ಹತ್ತಿದಳು. ಹಿಂದೆ ನಾವು. ಅಂಥ ಮೆರವಣಿಗೆಯಲ್ಲಿ ಆಮೇಲೆ ನಾನು ಯಾವತ್ತೂ ನಡೆದಿಲ್ಲ.

ಆ ಮಳೆಗಾಲದಲ್ಲಿ ಹೊಳೆ ನಮ್ಮ ಜಗುಲಿಯ ಮೆಟ್ಟಿಲು ಮುಟ್ಟಿ ಹೋಯಿತು. ಮನೆಯಲ್ಲಿ ದೋಸೆ ಇಲ್ಲ, ಇಡ್ಲಿ ಇಲ್ಲ, ಚಟ್ನಿ ಇಲ್ಲ, ಸಾರಿಗೆ ಅರೆದ ಮಸಾಲೆ ಇಲ್ಲ. ಗುಂಡಿಲ್ಲದ ಒರಳು ಬಾಯಿ ತೆರೆದುಕೊಂಡು ಮೂಲೆಯಲ್ಲಿ ಕೂತಿತ್ತು. ಮೆಣಸಿನಕಾಯಿ ಸುಟ್ಟು ಉಪ್ಪು ಹುಣಸೆಯ ಜೊತೆ ಕೈಯಲ್ಲೇ ಕಿವುಚಿದ ಗೊಜ್ಜಿನಲ್ಲಿ ತಿಂಗಳುಗಟ್ಟಲೆ ಉಂಡೆವು. ಪಕ್ಕದ ಮನೆಯವರು ತಮ್ಮ ಒರಳಿಗೆ ಬನ್ನಿ ಎಂದು ಕರೆದರೂ ಅಜ್ಜಿ ಹೋಗಗೊಡಲಿಲ್ಲ. ಅಷ್ಟು ಸಪ್ಪೆ ಊಟವನ್ನು ಅಷ್ಟು ಹೆಮ್ಮೆಯಿಂದ ಉಂಡ ಮನೆ ಕೊಡಗಿನಲ್ಲಿ ಇನ್ನೊಂದು ಇರಲಾರದು.

ಮಳೆ ಸ್ವಲ್ಪ ಹಿಡಿತಕ್ಕೆ ಬಂದಾಗ ಗಾಳಿಬೀಡಿನಿಂದ ಗೌರತ್ತೆಯ ಗಂಡನ ಅಣ್ಣ ಬಂದ. ಕೊಡೆ ಮಡಿಸಿ, ಹಜಾರದ ಹರಿಗೋಲುಗಳ ನಡುವೆ ಜಾಗ ಮಾಡಿಕೊಂಡು ಕೂತ. ಮಳೆಯ ಮಾತು, ಕಾಫಿಗಿಡದ ಮಾತು ಎಲ್ಲ ಮುಗಿದ ಮೇಲೆ, ಹೆಣ್ಣು ಎಷ್ಟು ದಿನ ತವರಿನಲ್ಲಿ ಕೂರುವುದು, ತಮ್ಮನಿಗೂ ಬುದ್ಧಿ ಬಂದಿದೆ, ಕಳಿಸಿಕೊಡಿ ಎಂದ. ಅಪ್ಪ ಅಜ್ಜಿಯ ಮುಖ ನೋಡಿದ. ಗೌರತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ನಾನು, ಅವಳ ಸೆರಗು ಹಿಡಿದುಕೊಂಡು. ಅಜ್ಜಿ ಎಲೆ ಹಾಕಿ ಉಪ್ಪಿಟ್ಟು ಬಡಿಸಿದಳು. ಅವನು ಎಲೆಯನ್ನು ಆ ಕಡೆ ಈ ಕಡೆ ನೋಡಿದ. ತಮಾಷೆಗೇ ಕೇಳಿದನೋ ಏನೋ.

"ಎಂತ ಅಜ್ಜಿ, ಬರೀ ಉಪ್ಪಿಟ್ಟಾ? ನಿಮ್ಮ ಮನೇಲಿ ಚಟ್ನಿ ಕಡೆಯೋ ಕಲ್ಲು ಇಲ್ಲೆನಾ?"

ಅಜ್ಜಿ ಅವನ ಎಲೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು.

"ಐತಲ್ಲ, ಇಲ್ಲದೆ ಏನು. ಅದು ನನ್ನ ಮಗಳ ಕಲ್ಲು. ದೋಣೀಲೈತೆ. ನೀವು ಹೊಟ್ಟೆ ತುಂಬ ತಿನ್ಕಂಡು ಹೊರಡಿ, ಸಂಜೆ ಬಸ್ಸು ತಪ್ಪೋಗ್ತದೆ."